ಕಾರಿನಲ್ಲಿ ಖಾಲಿಯಾದ ಪಕ್ಕದ ಸೀಟು

ತಾಳಿ, ಕಾನೂನು ಅಂದ ಕೂಡಲೇ ಬಿಟ್ಟು ಹೋಗಬೇಡಿ. ಕಾನೂನು ಒಂದು ಬಾಗಿಲನ್ನು ಮಾತ್ರ ಕಾಯುತ್ತದೆ ಅಂತ ನನಗೆ ಗೊತ್ತಾದ ಕಥೆ ಇದು, ಕೊನೆಯವರೆಗೆ ಇರಿ.

ನಾನು ಪತ್ರಿಕೋದ್ಯಮ ಓದಿದವನಲ್ಲ. ಅಮೆರಿಕದ ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾ, ನಮ್ಮವರ ಸುದ್ದಿಗಾಗಿ ಒಂದು ಪುಟ್ಟ ವೆಬ್‌ಸೈಟ್ ನಡೆಸುತ್ತೇನೆ. ಬರೆಯುವುದನ್ನೆಲ್ಲ ನೋಡಿ ನೋಡಿಯೇ ಕಲಿತದ್ದು.

ನನ್ನ ಕಾರ್ ಪೂಲ್‌ನಲ್ಲಿ ಧಾರವಾಡದ ಒಬ್ಬ ಅಕ್ಕ ಬರುತ್ತಿದ್ದರು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಅಕ್ಕ ಅಂದದ್ದು ಅಣ್ಣನೂ ಇರಬಹುದು.) ದಿನವಿಡೀ ನಾನು ಕನ್ನಡ ಆಡುತ್ತಿದ್ದದ್ದು ಆ ಕಾರಿನಲ್ಲಿ ಮಾತ್ರ. ಅವರು ಕೆಲಸಕ್ಕಿದ್ದದ್ದು ಒಂದು ಕನ್ಸಲ್ಟೆನ್ಸಿ ಕಂಪನಿಯಲ್ಲಿ. ಹೊಸಬರನ್ನೆಲ್ಲ ಒಂದೇ ಗೆಸ್ಟ್ ಹೌಸಿನಲ್ಲಿ ತುಂಬಿತ್ತು. ಚಳಿಗಾಲದ ನಡುವೆ ಅಲ್ಲಿ ಮನೆ ಬೆಚ್ಚಗಿಡುವ ಹೀಟ್ ಕೆಟ್ಟಿತು. ಟೌನ್‌ಶಿಪ್‌ಗೆ, ಅಂದರೆ ಇಲ್ಲಿನ ಪುರಸಭೆಗೆ, ದೂರು ಕೊಟ್ಟರೆ ಜೋಕೆ ಎಂದು ಮ್ಯಾನೇಜರ್ ಹೇಳಿದ್ದರಂತೆ.

"ಜಾಕೆಟ್ ಹಾಕ್ಕೊಂಡ ಮಲಗತೀವೋ ತಮ್ಮಾ," ಎಂದರು ಅಕ್ಕ. "ನೀ ಬರಿ. ನನ್ನ ಹೆಸರು ಮಾತ್ರ ಬ್ಯಾಡ."

ಅವರ ವೀಸಾ ಆ ಕಂಪನಿಯದೇ. ಹೆಸರು ಹೊರಬಿದ್ದರೆ ಕೆಲಸ ಹೋಗುತ್ತದೆ, ಕೆಲಸದ ಹಿಂದೆ ಈ ದೇಶವೂ. ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟೆ, ಬರೆದೆ.

ವಾರದೊಳಗೆ ಕಂಪನಿಯ ವಕೀಲರ ಇಮೇಲ್ ಬಂತು: ಹೇಳಿದವರು ಯಾರು, ತಿಳಿಸಿ. ಪತ್ರಕರ್ತರಿಗೆ ಉಚಿತ ಸಲಹೆ ಕೊಡುವ ವಕೀಲೆಯೊಬ್ಬರಿಗೆ ಫೋನ್ ಮಾಡಿದೆ. ಸುದ್ದಿಯ ಮೂಲ ಹೇಳಲೇಬೇಕೆಂದು ಪತ್ರಕರ್ತರನ್ನು ಒತ್ತಾಯಿಸದಂತೆ ನ್ಯೂಜೆರ್ಸಿಯಲ್ಲಿ ಗಟ್ಟಿ ಕಾನೂನಿದೆಯಂತೆ. ಆದರೆ ನನ್ನಂಥವನೂ ಪತ್ರಕರ್ತನೇ ಎಂದು ಕೋರ್ಟ್ ಒಪ್ಪಬೇಕು, ಸುದ್ದಿಗಾಗಿಯೇ ಮಾತಾಡಿದ್ದು ಎಂದು ನಾನು ತೋರಿಸಬೇಕು. ಕೊನೆಗೆ ಅವರು ಇನ್ನೊಂದು ಮಾತು ಹೇಳಿದರು: ಯಾರ ಹೆಸರು ಹಿಡಿದು ಕೇಳಿದರೂ ಹೌದು ಅನ್ನಲೂಬೇಡಿ, ಅಲ್ಲ ಅನ್ನಲೂಬೇಡಿ.

ಕೋರ್ಟಿನ ತನಕ ಹೋಗಲೇ ಇಲ್ಲ. ವಕೀಲೆ ಉತ್ತರ ಬರೆದ ಮೇಲೆ ಆ ಕಡೆ ಸುಮ್ಮನಾಯಿತು. ಆದರೆ ಆ ಶನಿವಾರ ಮನ್ರೋ ಎಂಬ ಊರಿನಲ್ಲಿರುವ, ಪರಿಚಯದ ಅಂಕಲ್ ಒಬ್ಬರ ಮನೆಯಲ್ಲಿ ಊಟವಿತ್ತು. ಊರು, ಕಾಲೇಜು, ಅಪಾರ್ಟ್‌ಮೆಂಟು ಕೇಳಿ ಯಾರನ್ನಾದರೂ ಪತ್ತೆಹಚ್ಚುವುದು ನಮ್ಮವರಿಗೆ ಊಟದ ಜೊತೆಯ ಆಟ.

"ಏನ್ ರಿಪೋರ್ಟರ್ ಸಾಹೇಬ್ರೇ," ಅಂಕಲ್ ಶುರು ಮಾಡಿದರು. "ನಿಮ್ಮ ಕಿವೀಲಿ ಊದಿದ್ದು ಯಾರು? ಆ ಕಂಪ್ನಿ ತೆಲುಗು ಹುಡುಗನಾ?"

"ಅಲ್ಲ ಅಂಕಲ್," ಎಂದುಬಿಟ್ಟೆ. ಪಾಪ, ಅವನಿಗೆ ತೊಂದರೆಯಾಗದಿರಲಿ ಎಂದು.

"ಹಾಗಾದ್ರೆ ನಿನ್ ಕಾರಲ್ಲಿ ಬರ್ತಾಳಲ್ಲ ಧಾರ್ವಾಡದವ್ಳು, ಅವ್ಳೂ ಅದೇ ಕಂಪ್ನಿ ಅಲ್ವಾ?" ಆಂಟಿ ಮೊಸರನ್ನ ಬಡಿಸುತ್ತಲೇ ಕೇಳಿದರು.

ವಕೀಲೆಯ ಮಾತು ಆಗ ಅರ್ಥವಾಯಿತು. ಒಬ್ಬರ ಹೆಸರಿಗೆ 'ಅಲ್ಲ' ಅಂದರೆ, ಇನ್ನೊಬ್ಬರ ವಿಷಯದಲ್ಲಿ ಸುಮ್ಮನಿರುವುದೇ 'ಹೌದು' ಆಗುತ್ತದೆ.

"ಆಂಟಿ, ಆ ಹುಡುಗನ ವಿಷಯಾನೂ ನಾನು ಹೇಳ್ಬಾರ್ದಿತ್ತು. ಅದನ್ನ ವಾಪಸ್ ತಗೊಂಡೆ. ಇನ್ಮೇಲೆ ನೀವು ನನ್ನ ಹೆಸರೇ ಹೇಳಿ ಕೇಳಿದ್ರೂ ಉತ್ತರ ಇಲ್ಲ."

"ಇದೇನ್ ಕೋರ್ಟಾ? ಮನೆ ಕಣೋ," ಎಂದರು ಅಂಕಲ್. ಅವರ ಮುಖದಲ್ಲಿ ನಗು ಇರಲಿಲ್ಲ. "ನಮ್ಮನ್ನೂ ನಂಬಲ್ವಾ?"

ಮನೆಗೆ ಯಾವ ಕಾನೂನೂ ಇಲ್ಲ. ನಾನು ಮೊಸರನ್ನ ತಿಂದು ಎದ್ದೆ. ಆಮೇಲೆ ಆ ಮನೆಯಿಂದ ಕರೆ ಬರಲಿಲ್ಲ.

ಸೋಮವಾರ ಅಕ್ಕನಿಗೆ ಊಟದ ಮನೆಯ ಸಂಗತಿಯೆಲ್ಲ ಹೇಳಿದೆ. ಒಟ್ಟಿಗೆ ಓಡಾಡುವುದು ಬೇಡವೆಂದೆ. "ಹೂಂ, ಅದೂ ಖರೇನ," ಎಂದರು. ಮರುದಿನದಿಂದ ಬೇರೆಯವರ ಕಾರು ಹಿಡಿದರು. ನಾನು ಒಬ್ಬನೇ ಡ್ರೈವ್ ಮಾಡುತ್ತೇನೆ. ಕೆಲವೊಮ್ಮೆ ಸಂಜೆವರೆಗೂ ಬಾಯಲ್ಲಿ ಕನ್ನಡ ಬಂದಿರುವುದಿಲ್ಲ.

ಕಳೆದ ತಿಂಗಳು ಇಂಡಿಯನ್ ಸ್ಟೋರ್ ಸಾಲಿನಲ್ಲಿ ಅವರು ನನ್ನ ಮುಂದೆ ನಿಂತಿದ್ದರು. ತಿರುಗಲಿಲ್ಲ. ಫೋನ್ ಕಿವಿಗಿಟ್ಟುಕೊಂಡು, ಬೇಕಿದ್ದಕ್ಕಿಂತ ಸ್ವಲ್ಪ ಜೋರಾಗಿ ಹೇಳಿದರು: "ಹೀಟ್ ಬಂದದ ಅವ್ವಾ. ಈಗ ಬೆಚ್ಚಗ ಅದೀವಿ. ನೀ ಕಾಳಜಿ ಮಾಡಬ್ಯಾಡ."

ಆ ಕಡೆ ಅವ್ವ ಇದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೈಯಲ್ಲಿದ್ದ ಕೊತ್ತಂಬರಿ ಕಟ್ಟು ನೋಡುತ್ತಾ ನಿಂತೆ.

ನೀವೂ ಯಾರದೋ ಹೆಸರು ಕಾಯಲು ಹೋಗಿ ಒಂಟಿಯಾಗಿದ್ದರೆ ಕೆಳಗೆ ಬರೆಯಿರಿ. ಹೇಗಿತ್ತು ಅನ್ನುವುದಷ್ಟೇ ಸಾಕು, ಹೆಸರು ಬೇಡ.