ನಮ್ಮ ದುಡ್ಡಲ್ಲೇ ಹಾಕಿ

ನನ್ನ ತಮ್ಮನನ್ನು ನಾವೆಲ್ಲ ಬುಗುರಿ ಅಂತಲೇ ಕರೆಯುವುದು. ಐವತ್ತು ದಾಟಿದರೂ ಒಂದು ಕಡೆ ಕೂತು ಕಾಫಿ ಕುಡಿದವನಲ್ಲ. ಲೋಟ ಹಿಡಿದುಕೊಂಡೇ ಕಿಟಕಿಯ ಚಿಲಕ ಅಲ್ಲಾಡಿಸಿ ನೋಡುತ್ತಾನೆ, ಮೇಜಿನ ಕಾಲು ಕುಂಟುತ್ತದೆಯೇ ಎಂದು ಬಗ್ಗುತ್ತಾನೆ. ತಮಾಷೆಯೆಂದರೆ, ಅವನ ಕಸುಬು ಬೇರೆಯವರನ್ನು ಹಾಯಾಗಿ ಕೂರಿಸುವುದು. ಸೋಫಾ, ಕುರ್ಚಿ, ಕಾರಿನ ಸೀಟು, ಏನಿದ್ದರೂ ಹಳೆಯದನ್ನು ಬಿಚ್ಚಿ, ಸ್ಪಂಜು ತುಂಬಿ, ಹೊಸ ಬಟ್ಟೆ ಹೊದಿಸಿ ಕೊಡುತ್ತಾನೆ. ಅಂಗಡಿ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿದೆ. ಅದರ ಹಿಂಭಾಗದಲ್ಲಿ ಅವನು, ಅವನ ಹೆಂಡತಿ, ನಾನು ವಾಸವಾಗಿದ್ದೇವೆ. ನಡುವೆ ಇರುವುದು ಒಂದು ಹಲಗೆಯ ಗೋಡೆ. ಹೀಗಾಗಿ ಅಂಗಡಿಯಲ್ಲಿ ಆಡಿದ ಮಾತೆಲ್ಲ ನನ್ನ ಕಿವಿಗೂ ಬೀಳುತ್ತದೆ.

ಅವನದು ಇನ್ನೊಂದು ಗೀಳು. ಹೋಟೆಲಿಗೆ ಹೋದರೆ ಬಿಲ್ಲು ಮೇಜಿಗೆ ಬರುವುದಕ್ಕೇ ಬಿಡುವುದಿಲ್ಲ. ಕೈ ತೊಳೆಯುವ ನೆಪ ಮಾಡಿ ಎದ್ದವನು ಆಗಲೇ ಗಲ್ಲಾದ ಮುಂದೆ ನಿಂತಿರುತ್ತಾನೆ. ನಮ್ಮ ತಂಗಿಯ ಗಂಡ ಔಷಧಿ ಅಂಗಡಿ ಇಟ್ಟಿದ್ದಾರೆ, ಕೈಯಲ್ಲಿ ಕಾಸಿಲ್ಲದವರೇನಲ್ಲ. ಅವರೂ ಒಂದು ಸಲ ಬಿಡದೆ ಇವನ ತೋಳು ಹಿಡಿದು ಜಗ್ಗಿದರು. ಅಂಗಿಯ ಗುಂಡಿ ಕಿತ್ತು ಬಂತೇ ಹೊರತು ಬಿಲ್ಲು ಬರಲಿಲ್ಲ.

ಹೋದ ವರ್ಷ ಬುಗುರಿಗೆ ಒಂದು ಸಿನಿಮಾ ಮಂದಿರದ ಕುರ್ಚಿಗಳಿಗೆಲ್ಲ ಹೊಸ ಬಟ್ಟೆ ಹಾಕುವ ಕೆಲಸ ಸಿಕ್ಕಿತು. ಕೈಗೆ ನಾಲ್ಕು ಕಾಸು ಬಂದಾಗ, ಹಡಗಿನಲ್ಲಿ ಹೋಗಬೇಕೆಂದು ವರ್ಷಗಳಿಂದ ಹೇಳುತ್ತಿದ್ದ ತಂಗಿಗೆ ಹೂಂ ಅಂದ. ಪರದೇಶದ ಬಂದರಿನಿಂದ ಹೊರಟು ನಾಲ್ಕು ರಾತ್ರಿ ಸುತ್ತಾಡಿಸಿ ತಂದು ಬಿಡುವ ಹಡಗು. ಟಿಕೆಟ್ಟಿನ ದುಡ್ಡು ಮೊದಲೇ ಅವರವರೇ ಕಟ್ಟಿದರು, ನನ್ನದನ್ನು ಇಬ್ಬರೂ ಹಂಚಿಕೊಂಡರು. ಮಿಕ್ಕ ಹಣವನ್ನು ಬುಗುರಿ ಒಂದು ಹೊಲಿಗೆ ಯಂತ್ರಕ್ಕೆಂದು ತೆಗೆದಿಟ್ಟ. ಅವನ ಹಳೆಯ ಯಂತ್ರ ದಪ್ಪ ಚರ್ಮ ಕಂಡರೆ ಸೂಜಿ ಮುರಿದುಕೊಂಡು ಕೂರುತ್ತದೆ. ಚರ್ಮದ ಸೀಟಿನ ಕಾರುಗಳನ್ನೆಲ್ಲ ಅವನು ಹಿಂದಕ್ಕೆ ಕಳಿಸುತ್ತಿದ್ದದ್ದು ಅದಕ್ಕೇ. ಪಕ್ಕದ ಬೀದಿಯಲ್ಲಿ ಚರ್ಮದ ಚೀಲ ಹೊಲಿಯುವ ಅಜ್ಜ ಅಂಗಡಿ ಮುಚ್ಚುವವನಿದ್ದ. ತನ್ನ ಯಂತ್ರವನ್ನು ಇವನಿಗೇ ಕೊಡುತ್ತೇನೆ ಅಂದಿದ್ದ.

ಹಡಗಿನಲ್ಲಿ ಯಾರೂ ಯಾರಿಗೂ ದುಡ್ಡು ಕೊಡುವ ಹಾಗಿಲ್ಲ. ಮೊದಲ ದಿನ ಕೌಂಟರಿನಲ್ಲಿ ಕ್ರೆಡಿಟ್ ಕಾರ್ಡು ತೋರಿಸಬೇಕು. ಆಮೇಲೆ ಕಾಫಿ ಕುಡಿದರೂ, ಫೋಟೋ ತೆಗೆಸಿಕೊಂಡರೂ, ಊರು ನೋಡಲು ಬಸ್ಸು ಹತ್ತಿದರೂ ಕೋಣೆಯ ಲೆಕ್ಕಕ್ಕೆ ಹೋಗುತ್ತದೆ. ಕೆಲಸದವರ ಟಿಪ್ಸು ಕೂಡ ತಲೆಗೆ ಇಷ್ಟು ಅಂತ ದಿನಾ ತಾನಾಗಿಯೇ ಬೀಳುತ್ತದೆ. ತಂಗಿಯ ಗಂಡ ಜೇಬಿಗೆ ಕೈ ಹಾಕುವಷ್ಟರಲ್ಲಿ ಬುಗುರಿ ತನ್ನ ಕಾರ್ಡು ಮುಂದೆ ಚಾಚಿಯಾಗಿತ್ತು. “ಎರಡು ರೂಮಿಗೂ ಒಂದೇ ಸಾಕು. ಬೇರೆ ಬೇರೆ ಯಾಕೆ ಭಾವ, ಊರಿಗೆ ಹೋಗಿ ನೋಡ್ಕೊಂಡ್ರಾಯ್ತು!”

ಇಳಿಯುವ ದಿನ ಬೆಳಿಗ್ಗೆ ಪೆಟ್ಟಿಗೆಗಳ ಸಮೇತ ಸಾಲಿನಲ್ಲಿ ನಿಂತೆವು. ಕೌಂಟರಿನ ಹುಡುಗಿ ಕಾರ್ಡಿನ ಯಂತ್ರವನ್ನು ಇವನ ಕಡೆ ತಿರುಗಿಸಿದಳು. ಅದರಲ್ಲಿ ಎರಡು ಸಾಲು. ಒಂದರಲ್ಲಿ ಹಡಗಿನವರ ದುಡ್ಡಿನ ಲೆಕ್ಕ, ಇನ್ನೊಂದರಲ್ಲಿ ನಮ್ಮ ದೇಶದ ದುಡ್ಡಿನ ಲೆಕ್ಕ. ಯಾವುದರಲ್ಲಿ ಕೊಡುತ್ತೀರಿ ಅಂತ ಕೇಳಿದಳು. ಅಷ್ಟು ದೂರದ ಸಮುದ್ರದಲ್ಲಿ ನಮ್ಮ ದುಡ್ಡಿನ ಹೆಸರು ಕಂಡಿದ್ದೇ ತಡ, ಬುಗುರಿಯ ಎದೆ ಉಬ್ಬಿಹೋಯಿತು.

“ನಮ್ಮ ದುಡ್ಡಲ್ಲೇ ಹಾಕಿ!” ಅಂತ ಇಡೀ ಸಾಲಿಗೆ ಕೇಳುವ ಹಾಗೆ ಅಂದ. “ನೋಡಿದ್ರಾ ಭಾವ? ಇಲ್ಲೂ ನಡೆಯುತ್ತೆ ನಮ್ಮದು!”

ಭಾವನೂ ತಲೆಯಾಡಿಸಿದರು. ನನಗೂ ಸುಳ್ಳೇಕೆ, ಖುಷಿಯೇ ಆಯಿತು. ಅಂಕಿ ಎಷ್ಟಿದೆ ಅಂತ ಯಾರೂ ಸರಿಯಾಗಿ ನೋಡಲಿಲ್ಲ. ಬುಗುರಿ ಗುಂಡಿ ಒತ್ತಿ ರುಜು ಹಾಕಿದ.

ಊರಿಗೆ ಬಂದ ಮೇಲೆ ತಂಗಿಯ ಗಂಡ ತಡಮಾಡಲಿಲ್ಲ. ಕೋಣೆಯ ಲೆಕ್ಕದ ಚೀಟಿಯಲ್ಲಿ ಹಡಗಿನವರ ದುಡ್ಡಿನಲ್ಲಿದ್ದ ಮೊತ್ತ ಹಿಡಿದು, ಆ ದಿನದ ಪತ್ರಿಕೆಯಲ್ಲಿದ್ದ ದರದಲ್ಲಿ ಲೆಕ್ಕ ಹಾಕಿ, ಅರ್ಧವನ್ನು ಇವನಿಗೆ ಕಳಿಸಿಕೊಟ್ಟರು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಆಮೇಲೆ ಬಂತು ಕಾರ್ಡಿನ ಬಿಲ್ಲು. ಮೊತ್ತ ನೋಡಿ ಬುಗುರಿ ಕತ್ತರಿ ಕೆಳಗಿಟ್ಟ. ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚು, ಹೊಲಿಗೆ ಯಂತ್ರದ ಹಣಕ್ಕೆ ದೊಡ್ಡ ತೂತು ಬೀಳುವಷ್ಟು.

ಸ್ಪಂಜಿನ ರಾಶಿಯ ಮೇಲೆ ಫೋನಿಟ್ಟು, ದನಿ ಜೋರು ಮಾಡಿ, ಕಾರ್ಡಿನ ಕಚೇರಿಗೆ ಕರೆ ಮಾಡಿದ. ನಾನು ಹಲಗೆಯ ಈಚೆ ಸೊಪ್ಪು ಬಿಡಿಸುತ್ತ ಕೇಳುತ್ತಿದ್ದೆ.

“ಸರ್, ಹಡಗಿನವರೇ ನಮ್ಮ ದುಡ್ಡಿಗೆ ಬದಲಾಯಿಸಿದಾರೆ. ಅದು ಅವರು ಇಟ್ಟ ದರ, ಪೇಟೆ ದರಕ್ಕಿಂತ ಹೆಚ್ಚಿರುತ್ತೆ. ನೀವೇ ಒಪ್ಪಿ ಆರಿಸಿದೀರ ಸರ್.”

“ಸರಿಯಮ್ಮ, ಅವರು ಬದಲಾಯಿಸಿದ್ರು, ಅವರು ತಗೊಂಡ್ರು. ನೀವ್ಯಾಕೆ ತಗೊಂಡ್ರಿ?”

“ವ್ಯಾಪಾರಿ ಹೊರದೇಶದವರಲ್ವಾ ಸರ್? ನಮ್ಮ ಬ್ಯಾಂಕಲ್ಲಿ ಯಾವ ದುಡ್ಡಲ್ಲಿ ಕೊಟ್ರೂ ಹೊರದೇಶದ ಶುಲ್ಕ ಇದ್ದೇ ಇರುತ್ತೆ. ಅದರ ಮೇಲೆ ತೆರಿಗೆ.”

“ಅಂದ್ರೆ ಛತ್ರಿಗೂ ದುಡ್ಡು ಕೊಟ್ಟೆ, ನೆನೆದೂ ಬಂದೆ!”

“ಇನ್ನೇನಾದ್ರೂ ಸಹಾಯ ಬೇಕಾ ಸರ್?”

“ಬೇಡ ತಾಯಿ. ಇಷ್ಟೇ ತಡಕೊಳ್ಳೋಕಾಗ್ತಿಲ್ಲ.”

ನನಗೆ ಅರ್ಥವಾದದ್ದು ಇಷ್ಟು. ಹೆಚ್ಚಿಗೆ ಹೋದದ್ದು ಎರಡು ಬಾಬ್ತು. ಬ್ಯಾಂಕಿನದು ಹೇಗಿದ್ದರೂ ಬೀಳುತ್ತಿತ್ತು. ಹಡಗಿನವರ ದುಡ್ಡಿನಲ್ಲೇ ಹಾಕಿ ಅಂದಿದ್ದರೆ ಇನ್ನೊಂದು ಬೀಳುತ್ತಿರಲಿಲ್ಲ. ಪತ್ರಿಕೆಯ ದರದಲ್ಲಿ ಇವೆರಡೂ ಇರಲಿಲ್ಲ, ಹಾಗಾಗಿ ಪೂರ್ತಿ ಭಾರ ಇವನ ತಲೆಗೇ ಬಂದಿತ್ತು.

ಆ ವಾರ ಅವನನ್ನು ನೋಡುವುದೇ ಸಂಕಟ. ಮೈಮೇಲೆ ಇರುವೆ ಬಿಟ್ಟುಕೊಂಡವರ ಹಾಗೆ ಅಂಗಡಿಯ ಆ ತುದಿಯಿಂದ ಈ ತುದಿಗೆ ತಿರುಗುತ್ತಿದ್ದ. ಆರು ಊಟದ ಕುರ್ಚಿಗೆ ಮಖಮಲ್ಲು ಹೊದಿಸುವಾಗ ಒಂದಕ್ಕೆ ಬಟ್ಟೆಯನ್ನು ತಲೆಕೆಳಗಾಗಿ ಕತ್ತರಿಸಿಬಿಟ್ಟ. ಮಖಮಲ್ಲಿನ ನವಿರು ಎದುರು ದಿಕ್ಕಿಗೆ ತಿರುಗಿದರೆ ಬಣ್ಣವೇ ಬೇರೆ ಕಾಣುತ್ತದೆ; ಐದು ಕುರ್ಚಿ ಒಂದು ಬಣ್ಣ, ಆರನೆಯದು ಮಸಿ ಬಳಿದ ಹಾಗೆ. ಮೂವತ್ತು ವರ್ಷದಲ್ಲಿ ಮಾಡದ ತಪ್ಪು. ದಾರ ತರುತ್ತೇನೆ ಅಂತ ಪಕ್ಕದ ಬೀದಿಗೆ ಹೋಗುವುದು, ಚೀಲದ ಅಜ್ಜನ ಅಂಗಡಿಯೊಳಗೆ ಯಂತ್ರ ಇನ್ನೂ ಇದೆಯೇ ಎಂದು ಇಣುಕಿ ಬರಿಗೈಲಿ ವಾಪಸು ಬರುವುದು. ಅಜ್ಜ ಕಂಡುಬಿಟ್ಟ. “ಶನಿವಾರದ ತನಕ ಕಾಯ್ತೀನಪ್ಪ. ಆಮೇಲೆ ಇನ್ನೊಬ್ಬ ಒಯ್ತಾನೆ, ಬೇಜಾರು ಮಾಡ್ಕೋಬೇಡ.”

ಅವನ ಹೆಂಡತಿ ನೇರ ಮಾತಿನವಳು. “ರೀ, ಹೆಚ್ಚಿಗೆ ಬಿದ್ದಿದ್ರಲ್ಲಿ ಅರ್ಧ ಅವರದ್ದು. ಕೇಳಿ.”

ಬುಗುರಿ ಒಂದು ಹಿಡಿ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡ. ಈ ಕಸುಬಿನಲ್ಲಿ ಮೊಳೆಯನ್ನು ಬಾಯಲ್ಲಿಟ್ಟುಕೊಂಡು ಒಂದೊಂದೇ ತೆಗೆದು ಹೊಡೆಯುತ್ತಾರೆ. ಉತ್ತರ ಕೊಡಲು ಮನಸ್ಸಿಲ್ಲದಾಗ ಇವನಿಗೆ ಅದೊಂದು ಅನುಕೂಲ.

“ಮೊಳೆ ಉಗುಳಿ ಮಾತಾಡಿ! ಅತ್ತಿಗೆ, ನೀವಾದ್ರೂ ಹೇಳಿ ನಿಮ್ಮ ತಮ್ಮನಿಗೆ. ಯಂತ್ರ ಕೈ ತಪ್ಪಿದ್ರೆ ಈ ಜನ್ಮದಲ್ಲಿ ಇನ್ನೊಂದು ಸಿಗಲ್ಲ.”

ಅವಳು ಒಳಗೆ ಹೋದ ಮೇಲೆ ಅವನು ಮೊಳೆಗಳನ್ನು ಅಂಗೈಗೆ ಉಗುಳಿದ. “ಅಕ್ಕ, ಬಿಲ್ಲು ನಾನೇ ಕೊಡ್ತೀನಿ ಅಂತ ಕೈ ಚಾಚಿದೋನು ಈಗ ತಂಗಿ ಮುಂದೆ ಹೋಗಿ ಚಿಲ್ಲರೆ ಕೇಳ್ಲಾ? ನೀನೇ ಒಂದು ಮಾತು ಹೇಳಿಬಿಡು.”

“ನಾನು ಹೇಳಿದ್ರೆ ಅದು ಚಾಡಿ ಆಗುತ್ತೆ ಕಣೋ. ನೀನು ಹೇಳು. ಬೇಕಾದ್ರೆ ಜೊತೆಗೆ ಬರ್ತೀನಿ.”

ಶುಕ್ರವಾರ ಮಧ್ಯಾಹ್ನ ಹೊರಟೆವು. ಬಸ್ಸು ಖಾಲಿಯಿದ್ದರೂ ಅವನು ದಾರಿಯುದ್ದಕ್ಕೂ ನಿಂತೇ ಇದ್ದ. ಹೆಬ್ಬೆರಳಿನಿಂದ ಸೀಟುಗಳ ಹೊಲಿಗೆ ಒತ್ತಿ ನೋಡುತ್ತಿದ್ದ.

ತಂಗಿಯ ಮನೆ ಅವರ ಔಷಧಿ ಅಂಗಡಿಯ ಮೇಲೆಯೇ. ಒಳಗೆ ಹೋದವನು ಬಿಸಿಲಿನ ಮಾತಾಡಿದ, ಬಾಗಿಲ ಕೀಲಿಗೆ ಎಣ್ಣೆಯಿಲ್ಲ ಅಂದ, ಕ್ಯಾಲೆಂಡರು ನೆಟ್ಟಗೆ ಮಾಡಿದ. ಭಾವ ಊಟಕ್ಕೆಂದು ಮೇಲೆ ಬಂದಿದ್ದರು.

“ಏನಣ್ಣ ನಿಂದು? ಬಂದಾಗಿಂದ ಮೂರು ಸಲ ಆ ಬಾಗಿಲು ತೆಗೆದು ಹಾಕ್ದೆ,” ಅಂದಳು ತಂಗಿ. “ಯಾರಾದ್ರೂ ಬೆನ್ನಟ್ಟಿದಾರಾ?”

ಬುಗುರಿ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ. ಬಿಲ್ಲು, ಹಡಗಿನವರ ದರ, ಬ್ಯಾಂಕಿನ ಶುಲ್ಕ, ನಾಳೆ ಕೈ ತಪ್ಪಲಿರುವ ಯಂತ್ರ, ಎಲ್ಲ ಒಂದೇ ಉಸಿರಿಗೆ. ಕೇಳುತ್ತ ಕೇಳುತ್ತ ಭಾವ ಫೋನು ತೆಗೆದರು. “ಅಷ್ಟಕ್ಕೂ ಅರ್ಧ ಈಗಲೇ ಕಳಿಸ್ತೀನಿ.”

“ಬೇಡ ಭಾವ, ಬ್ಯಾಂಕಿಂದು ಮಾತ್ರ ಅರ್ಧ ಕೊಡಿ. ಹಡಗಿಂದು ನಂದು. ಜಂಬ ಕೊಚ್ಚಿಕೊಂಡು ಕೂಗಿದ್ದು ನಾನು.”

“ಪಕ್ಕದಲ್ಲಿ ನಿಂತು ತಲೆ ಆಡಿಸಿದ್ದು ಯಾರು ಮತ್ತೆ?”

ಫೋನನ್ನು ಒಬ್ಬರು ಈ ಕಡೆ, ಒಬ್ಬರು ಆ ಕಡೆ ಎಳೆದಾಡತೊಡಗಿದರು. ತಂಗಿಗೆ ರೇಗಿಹೋಯಿತು.

“ಬಿಡೋ ಅಣ್ಣ ಅದನ್ನ! ಯಾವಾಗ್ಲೂ ನೀನೇ ಕೊಡ್ಬೇಕು, ನಾವು ತಿಂದು ಬಾಯಿ ಒರೆಸ್ಕೊಂಡು ಬರ್ಬೇಕು. ನೀನು ಬಿಲ್ಲು ಕೊಟ್ಟ ದಿನ ಇವರು ಮನೆಗೆ ಬಂದು ಮುಖ ಸಪ್ಪಗೆ ಮಾಡ್ಕೊಂಡು ಕೂತಿರ್ತಾರೆ, ಗೊತ್ತಾ ನಿಂಗೆ? ‘ನಿಮ್ಮಣ್ಣನ ಕಣ್ಣಿಗೆ ನಾನು ಕೈಲಾಗದವನಾ’ ಅಂತಾರೆ.”

ಬುಗುರಿ ಭಾವನ ಮುಖ ನೋಡಿದ. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು. ಫೋನು ಬಿಟ್ಟುಬಿಟ್ಟ.

“ಕೂತ್ಕೊಂಡಾದ್ರೂ ಮಾತಾಡು,” ಅಂದಳು ತಂಗಿ. ಅವನು ಸೋಫಾದ ಮೇಲೆ ಕೂತ. ಕೂತವನು ಹಾಗೇ ಕೆಳಗಿಳಿದ, ಮೊಣಕಾಲು ಎದೆಗೆ ಬಂತು. “ಇದೇನೇ ಇದು, ಸ್ಪ್ರಿಂಗು ಸತ್ತೇ ಹೋಗಿದೆ! ನಂಗೆ ಹೇಳೋಕೇನಾಗಿತ್ತು?”

“ಹೇಳೋದು ಹೇಗೆ?” ಅಂದರು ಭಾವ. “ಹೇಳಿದ್ರೆ ಮಾಡಿಕೊಟ್ಟು ದುಡ್ಡು ಬೇಡ ಅಂತೀರ. ಅದಕ್ಕೇ ಹೊರಗಿನವನಿಗೆ ಕೊಡೋಣ ಅಂತಿದ್ವಿ. ಸೋಮವಾರ ಬರ್ತಾನೆ.”

“ಹೊರಗಿನವನಿಗಾ?” ಬುಗುರಿಯ ದನಿ ಇಳಿದೇ ಹೋಯಿತು. ಹಡಗಿನ ಬಿಲ್ಲು ಬಂದಾಗಲೂ ಅವನ ಮುಖ ಅಷ್ಟು ಕಂದಿರಲಿಲ್ಲ.

“ಅವನು ಕೇಳಿದಷ್ಟೇ ನಿಮಗೂ ಕೊಡ್ತೀನಿ, ಮುಂಗಡವಾಗಿ, ಪೂರ್ತಿ. ತಗೊಳ್ಳೋದಾದ್ರೆ ಮಾಡಿ. ಇಲ್ಲಾಂದ್ರೆ ಸೋಮವಾರದವನೇ ಬರಲಿ.”

ಬುಗುರಿ ಸೋಫಾದ ಕೈಯನ್ನು ಹಿಸುಕಿದ, ಬಿಟ್ಟ, ಮತ್ತೆ ಹಿಸುಕಿದ.

“ತಗೋತೀನಿ,” ಅಂದ. “ಬ್ಯಾಂಕಿಂದು ಅರ್ಧ, ಸೋಫಾದ್ದು ಪೂರ್ತಿ. ಹಡಗಿಂದು ಮಾತ್ರ ಕೇಳ್ಬೇಡಿ ಭಾವ, ಅದು ನನ್ನ ಬಾಯಿಗೆ ಬಿದ್ದ ದಂಡ.”

ಭಾವ ಕಳಿಸಿದರು. ಬುಗುರಿಯ ಜೇಬಿನಲ್ಲಿ ಫೋನು ಸದ್ದು ಮಾಡಿತು. ತೆಗೆದು ನೋಡಿ, ಮುಖ ಕೆಂಪಗೆ ಮಾಡಿಕೊಂಡು, “ಬಂತು” ಅಂದ. ಉಳಿದಿದ್ದ ಹಣಕ್ಕೆ ಸೇರಿಸಿದರೆ ಯಂತ್ರಕ್ಕೆ ಸಾಕಾಗುವಷ್ಟಿತ್ತು. ಆದರೂ ಅವನಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದ, ಕಿಟಕಿ ತೆಗೆದ. ಮರುಕ್ಷಣ ಸೋಫಾವನ್ನು ಅನಾಮತ್ತಾಗಿ ಬೆನ್ನ ಮೇಲೆ ಮಲಗಿಸಿ, ಜೇಬಿನಿಂದ ಸ್ಕ್ರೂಡ್ರೈವರು ತೆಗೆದು ತಳದ ಬಟ್ಟೆಯನ್ನು ಪರ್ರನೆ ಸೀಳಿದ.

“ಅಯ್ಯೋ ಅಣ್ಣ, ಇವತ್ತೇ ಬೇಡ ಕಣೋ! ಸಂಜೆ ನಾಲ್ಕು ಜನ ಬರೋರಿದಾರೆ!”

“ಚಾಪೆ ಹಾಸು,” ಅಂದ ಅವನು, ತಲೆಯನ್ನು ಸೋಫಾದೊಳಗೆ ತೂರಿಸಿಕೊಂಡು. “ಭಾವ, ಟಾರ್ಚು ಹಿಡೀರಿ. ಅಕ್ಕ, ಚೀಲದ ಅಜ್ಜನಿಗೆ ಫೋನ್ ಮಾಡು. ನಾಳೆ ಬೆಳಿಗ್ಗೆ ದುಡ್ಡು ಹಿಡ್ಕೊಂಡು ಬರ್ತೀನಿ, ಯಂತ್ರ ಯಾರಿಗೂ ಕೊಡ್ಬೇಡ ಅನ್ನು.”

ಭಾವ ಟಾರ್ಚು ಹಿಡಿದು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತರು. ನಾನು ಅಜ್ಜನಿಗೆ ಫೋನು ಹಚ್ಚಿದೆ.