ಚೀಲ ಹಿಡಿದವಳು

ಹೋದ ವರ್ಷ ಬೇಸಿಗೆಯಲ್ಲಿ ನನಗೆ ಮೂತ್ರ ಕಟ್ಟಿತು. ಕೊಪ್ಪಳದ ಆಸ್ಪತ್ರೆಯಲ್ಲಿ ಪೈಪು ಹಾಕಿ, ಅದರ ತುದಿಗೆ ಒಂದು ಪ್ಲಾಸ್ಟಿಕ್ ಚೀಲ ಜೋಡಿಸಿ, ಸಕ್ಕರೆ ಕಾಯಿಲೆ ಹತೋಟಿಗೆ ಬಂದ ಮೇಲೆ ಆಪರೇಷನ್ ಮಾಡೋಣ ಎಂದು ಯಲಬುರ್ಗಾಕ್ಕೆ ವಾಪಸು ಕಳಿಸಿದರು. ಅಲ್ಲಿಯವರೆಗೆ ನಾನು ಹೋದಲ್ಲೆಲ್ಲ ಆ ಚೀಲವೂ ಬರಬೇಕಿತ್ತು.

ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ನಿವೃತ್ತನಾದ ಮೇಲೂ ಬಿಳಿ ಬೂಟು ಹಾಕಿಕೊಂಡು, ಎದೆ ಸೆಟೆಸಿ, ಬೆಳಿಗ್ಗೆ ಕುಷ್ಟಗಿ ರಸ್ತೆಯಲ್ಲಿ ನಡೆಯುತ್ತಿದ್ದೆ. ಪಿ.ಟಿ. ಮಾಸ್ತರು ಎಂದರೆ ಊರಿಗೆ ಗೊತ್ತಿದ್ದದ್ದು ಆ ನಡಿಗೆ. ಅಂಥವನು ಒಂದು ಕೈಯಲ್ಲಿ ಲುಂಗಿ, ಇನ್ನೊಂದು ಕೈಯಲ್ಲಿ ಹಳದಿ ನೀರಿನ ಚೀಲ ಹಿಡಿದು ಓಡಾಡುವುದನ್ನು ಯಾರೂ ನೋಡಬಾರದೆಂದು ಮನೆಯೊಳಗೇ ಉಳಿದೆ. ಕೇಳಿದವರಿಗೆಲ್ಲ ಜ್ವರ ಎಂದು ಹೇಳಬೇಕು ಅಂತ ಹೆಂಡತಿಗೆ ತಾಕೀತು ಮಾಡಿದ್ದೆ.

ಆಗ ಮಗಳು ತನ್ನ ಕೂಸನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದಳು. ಮೊಮ್ಮಗಳಿಗೆ ಎರಡು ತುಂಬಿ ಮೂರು ನಡೆಯುತ್ತಿತ್ತು. ಒಂದು ಬೆಳಿಗ್ಗೆ ಬಚ್ಚಲ ಬಾಗಿಲ ಮುಂದೆ, ಚಿಲಕ ತೆಗೆಯಲು ಕೈ ಸಾಲದೆ ನಿಂತಿದ್ದೆ. ಅಂಗಳದಲ್ಲಿ ಆಡುತ್ತಿದ್ದವಳು ನನ್ನ ಕೈ ನೋಡಿದಳು, ಚಿಲಕ ನೋಡಿದಳು, ಎದ್ದು ಬಂದು ಚೀಲದ ತಳಕ್ಕೆ ಎರಡೂ ಅಂಗೈ ಕೊಟ್ಟಳು.

"ನಾ ಹಿಡಿತೀನಿ. ನೀ ತಗಿ," ಎಂದಳು.

ಹೀಗೆ ಮಾಡು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಅಂದಿನಿಂದ ನಾನು ಮಂಚದಿಂದ ಕಾಲು ಇಳಿಸಿದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಿದ್ದಳು. ಒಮ್ಮೆ ಬಿಸ್ಕೀಟು ಕೊಟ್ಟು ಅವಳ ಮನಸ್ಸು ಬೇರೆ ಕಡೆ ತಿರುಗಿಸಲು ನೋಡಿದೆ. ಎರಡೂ ಕೈ ಬೇಕಲ್ಲ, ಬಿಸ್ಕೀಟನ್ನು ಕಟ್ಟೆಯ ಮೇಲಿಟ್ಟು ಬಂದಳು. ಅದನ್ನು ಕೋಳಿ ತಿಂದುಕೊಂಡು ಹೋಯಿತು. ಅವಳು ತಿರುಗಿಯೂ ನೋಡಲಿಲ್ಲ.

ಒಂದು ಸಂಜೆ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಬಂದರು. ಇಬ್ಬರೂ ನನ್ನ ಕಬಡ್ಡಿ ತಂಡದಲ್ಲಿ ಆಡಿದವರು. ಒಬ್ಬ ಈಗ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ, ಇನ್ನೊಬ್ಬನದು ಕುಕನೂರಿನಲ್ಲಿ ಅಂಗಡಿ. ಕುಕನೂರಿನಲ್ಲಿ ಪಂದ್ಯ ಇಟ್ಟುಕೊಂಡಿದ್ದರಂತೆ. ನಾನು ಚೀಲವನ್ನು ಮಂಚದ ಪಕ್ಕ ಟವೆಲ್ಲಿನ ಕೆಳಗೆ ಮುಚ್ಚಿ ಕೂತೆ.

"ಸರ, ನೀವ ಬಂದು ಟಾಸ್ ಹಾರಿಸಬೇಕ್ರಿ. ನೀವು ಬರಲಿಲ್ಲಂದ್ರ ನಮಗದು ಆಟನ ಅಲ್ಲ," ಎಂದ ಗಿರಣಿಯವನು.

"ಜ್ವರ ಬಂದೈತಪ್ಪ. ನೋಡೋಣು," ಎಂದೆ.

ಚಹಾ ಕುಡಿದು ಅವರು ಎದ್ದರು. ಅಭ್ಯಾಸಬಲದಿಂದ ನಾನೂ ಎದ್ದು ನಿಂತೆ. ಮೊಮ್ಮಗಳು ಓಡಿ ಬಂದು ಟವೆಲ್ ಸರಿಸಿ, ಚೀಲವನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು.

"ನಡಿ ಅಜ್ಜಾ, ಹಿಡಿದೀನಿ."

"ಬಿಡು!" ಎಂದೆ.

ಅದು ಮೈದಾನದ ದನಿ. ನೂರಾರು ಹುಡುಗರನ್ನು ಸಾಲಿನಲ್ಲಿ ನಿಲ್ಲಿಸಿದ ದನಿಯನ್ನು ಆ ಕೂಸಿನ ಮೇಲೆ ಬಿಟ್ಟೆ. ಅವಳು ಬೆಚ್ಚಿ ಕೈ ಬಿಟ್ಟಳು. ಚೀಲ ಕೆಳಗೆ ಬಿದ್ದು ಪೈಪು ಜಗ್ಗಿತು, ನಾನು ಚೀರಿದೆ. ಚೀಲದ ಬಾಯಿ ಕಳಚಿ ನೆಲದ ಬಂಡೆಯ ಮೇಲೆಲ್ಲ ಹರಿಯಿತು. ವಾಸನೆ ಪಡಸಾಲೆ ತುಂಬಿತು. ವಿದ್ಯಾರ್ಥಿಗಳಿಬ್ಬರೂ ನಿಂತಲ್ಲೇ ನಿಂತಿದ್ದರು.

ಮೊದಲು ಅಲುಗಿದವಳು ಅವಳೇ. ಅಳುತ್ತಲೇ ಒಳಗೆ ಹೋಗಿ ನೆಲ ಒರೆಸುವ ಅರಿವಿ ಎಳೆದುಕೊಂಡು ಬಂದು, ಕುಕ್ಕರಗಾಲಲ್ಲಿ ಕೂತು ಒರೆಸತೊಡಗಿದಳು. ಒರೆಸಿದಷ್ಟೂ ಹರಡುತ್ತಿತ್ತು. ಗಿರಣಿಯವನು ಪ್ಯಾಂಟು ಮೊಳಕಾಲಿಗೆ ಏರಿಸಿ ಅವಳ ಪಕ್ಕ ಕೂತ.

"ಇತ್ತ ತಾ ಅವ್ವ, ಇಬ್ಬರೂ ಕೂಡಿ ಒರಸೂಣು," ಎಂದ.

ಅವಳು ಅರಿವಿಯ ಒಂದು ತುದಿ ಅವನಿಗೆ ಕೊಟ್ಟಳು. ನನ್ನ ಲುಂಗಿ ತೊಯ್ದು ಕಾಲಿಗೆ ಅಂಟಿತ್ತು. ನಾನು ಗೋಡೆ ಹಿಡಿದು, ತಲೆ ತಗ್ಗಿಸಿ, ಅವರಿಬ್ಬರ ಕೈಗಳನ್ನು ನೋಡುತ್ತ ನಿಂತಿದ್ದೆ. ವಿದ್ಯಾರ್ಥಿಗಳು ಯಾವಾಗ ಹೋದರೋ, ಏನು ಹೇಳಿ ಹೋದರೋ ನನಗೆ ನೆನಪಿಲ್ಲ.

ಅವರು ಹೋದ ಮೇಲೆ ಕೂಸಿಗೆ ಬುದ್ಧಿ ಕಲಿಸಿಲ್ಲ ಎಂದು ಮಗಳ ಮೇಲೆ ಹರಿಹಾಯ್ದೆ. ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದಳು.

"ನಮ್ಮ ತವರಾಗ, ಹುಲಿಹೈದರದಾಗ, ಎರಡ ಎಮ್ಮಿ ಇದ್ವು. ಒಂದು ಕುಂಟಾಕತ್ತಿದ್ರ ಇನ್ನೊಂದು ಅದನ್ನ ಬಿಟ್ಟು ನೀರಿಗೆ ಹೋಗತಿದ್ದಿಲ್ಲ. ಅದಕ್ಕ ಯಾರು ಬುದ್ಧಿ ಕಲಿಸಿದ್ರು? ನಾಚಿಕಿ ಅನ್ನೂದು ಎಮ್ಮಿಗೂ ಗೊತ್ತಿಲ್ಲ, ಕೂಸಿಗೂ ಗೊತ್ತಿಲ್ಲ. ನಿಮಗೊಬ್ಬರಿಗ ಗೊತ್ತೈತಿ ನೋಡ್ರಿ," ಎಂದಳು.

ನಾನು ತೊಯ್ದ ಲುಂಗಿ ಬದಲಿಸಲು ಒಳಗೆ ಹೋದೆ.

ಮರುದಿನ ಮೊಮ್ಮಗಳು ನನ್ನ ಹತ್ತಿರ ಸುಳಿಯಲಿಲ್ಲ. ಆದರೆ ನಾನು ಎದ್ದಾಗ ಬಾಗಿಲಿಗೆ ಹೋಗಿ, ನಾನು ದಾಟುವವರೆಗೆ ಪರದೆಯನ್ನು ಬದಿಗೆ ಎಳೆದು ಹಿಡಿದು ನಿಂತಳು. ನನ್ನನ್ನು ಮುಟ್ಟದೆ ಮಾಡಬಹುದಾದ ಒಂದು ಕೆಲಸವನ್ನು ತಾನೇ ಹುಡುಕಿಕೊಂಡಿದ್ದಳು. ಅದನ್ನು ನೋಡಿ ನನಗೆ ಹಿಂದಿನ ದಿನಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಬಾರವ್ವ, ಹಿಡಿ," ಎಂದೆ.

"ಬೈತಿ?"

"ಇಲ್ಲ, ಬೈಯೂದಿಲ್ಲ."

ಬಂದು ಹಿಡಿದಳು. ಅಂಗಳದಲ್ಲಿ ಇಬ್ಬರೂ ಒಂದು ಸುತ್ತು ಹಾಕಿದೆವು. ಆದರೂ ಹೊರಗಿನ ಬಾಗಿಲಿಗೆ ಅಗಳಿ ಹಾಕಿದ ಮೇಲೆಯೇ ನಾನು ಅವಳನ್ನು ಕರೆದದ್ದು ಎಂಬುದನ್ನು ಇಲ್ಲಿ ಹೇಳಬೇಕು. ಚೀಲ ಇದ್ದಷ್ಟು ದಿನವೂ ಆ ಅಗಳಿ ಹಾಕಿಯೇ ಇತ್ತು.

ಆಪರೇಷನ್ ಆಯಿತು, ಪೈಪು ತೆಗೆದರು. ಕುಕನೂರಿನ ಪಂದ್ಯ ನಾನಿಲ್ಲದೆ ಮುಗಿದಿತ್ತು. ಗಿರಣಿಯವನು ಎರಡು ಸಲ ಫೋನ್ ಮಾಡಿದ್ದ, ನಾನು ಎತ್ತಿರಲಿಲ್ಲ. ಮಳೆ ಶುರುವಾದ ಮೇಲೆ ಒಂದು ದಿನ ಬಸ್ ನಿಲ್ದಾಣದಲ್ಲಿ ಎದುರಿಗೇ ಸಿಕ್ಕ. ಅಂದಿನದನ್ನು ಎತ್ತುತ್ತಾನೆ ಎಂದುಕೊಂಡೆ. ಅವನು ನನ್ನ ಆರೋಗ್ಯದ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಕೂಸು ಹೆಂಗದಾಳ್ರಿ ಸರ?"

"ಛಲೋ ಅದಾಳ. ಅವರಪ್ಪ ಬಂದು ಕರಕೊಂಡು ಹೋಗ್ಯಾನ."

ಅಂದು ನೀನು ಕೂತು ನೆಲ ಒರೆಸಿದೆಯಲ್ಲ, ಅದನ್ನು ನಾನು ಮರೆತಿಲ್ಲ ಎನ್ನಬೇಕೆಂದುಕೊಂಡೆ. ಬಾಯಿಗೆ ಬಂದದ್ದು ಬೇರೆ.

"ಪಂದ್ಯ ಯಾರು ಗೆದ್ರಪ?" ಎಂದೆ.

ಅವನು ಉತ್ಸಾಹದಿಂದ ಹೇಳತೊಡಗಿದ. ಅವನ ಬಸ್ಸು ಬರುವವರೆಗೂ ನಾನು ತಲೆಯಾಡಿಸುತ್ತ ಕೇಳಿದೆ.