ಅಮೋಘಿಯ ಹೆಗಲು, ಮೂರೂವರೆ ಕಿಲೋ ಗಿಟಾರು

ಬೆಳಗಿನ ಐದೂವರೆ. ವಿಜಾಪುರದ ಜೋರಾಪುರ ಪೇಟೆಯಲ್ಲಿ ಬಸಗೊಂಡಪ್ಪನವರ, ಕಾಳು ತೂಗಿ ಮಾರುವ ಅಡತಿ ಅಂಗಡಿಯ ಬಾಗಿಲು ಇನ್ನೂ ಅರ್ಧವಷ್ಟೇ ತೆರೆದಿದೆ. ಒಳಗೆ ಜೋಳದ ಚೀಲಗಳ ನಡುವೆ, ತೂಕದ ಕಾಟಾದ ಮೇಲೆ ಒಂದು ಬೇಸ್ ಗಿಟಾರ್ ಅಂಗಾತ ಮಲಗಿದೆ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತ ಅಮೋಘಿ ಕಾಟಾದ ಗುಂಡನ್ನು ಒಂದೊಂದೇ ಗೆರೆ ಸರಿಸುತ್ತಾನೆ. ಮೂರು ಕಿಲೋ ಐನೂರು ಗ್ರಾಂ. ಮೊನ್ನೆಯೂ ಅಷ್ಟೇ ಇತ್ತು, ನಿನ್ನೆಯೂ ಅಷ್ಟೇ ಇತ್ತು. ಇವತ್ತು ಹೆಚ್ಚಾಗಿರಬಹುದು ಎಂದು ಅವನಿಗೆ ಯಾಕೆ ಅನ್ನಿಸಿತೋ, ಕೇಳಿದರೆ ನಾಚಿಕೊಳ್ಳುತ್ತಾನೆ.

"ಕಾಟಾ ಸುಳ್ಳ ಹೇಳಂಗಿಲ್ರಿ. ಹಂಗಾದ್ರ ನನ್ನ ಕೈ ಯಾಕ ಸೋಲಾಕತ್ತೈತಿ?" ಎನ್ನುತ್ತಾ ಎಡಗೈಯ ಕಡೆಯ ಎರಡು ಬೆರಳುಗಳನ್ನು ಹಿಂಡಿಕೊಳ್ಳುತ್ತಾನೆ.

ಇವತ್ತು ಗುರುವಾರ. ಬರುವ ರವಿವಾರ ಸಂಜೆ ಬಬಲೇಶ್ವರದಲ್ಲಿ ಮದುವೆಯ ಕಾರ್ಯಕ್ರಮ. ಅಲ್ಲಿ ಮೂರು ತಾಸು ನಿಂತು ಬಾರಿಸಲು ಆಗದಿದ್ದರೆ ಅಮೋಘಿಯ ಜಾಗಕ್ಕೆ ಸೊಲ್ಲಾಪುರದಿಂದ ಬೇರೊಬ್ಬ ಬರುತ್ತಾನೆ. ಆರ್ಕೆಸ್ಟ್ರಾದ ಯಜಮಾನ ಮುರ್ತುಜಾಸಾಬರು ಇದನ್ನು ಸಿಟ್ಟಿನಿಂದ ಹೇಳಿಲ್ಲ, ಮೆಲ್ಲಗೆ ಹೇಳಿದ್ದಾರೆ. ಅಮೋಘಿಗೆ ಹೆಚ್ಚು ಭಯ ಹುಟ್ಟಿಸಿದ್ದು ಆ ಮೆತ್ತಗಿನ ದನಿಯೇ.

ಮೂವತ್ತಾರರ ಅಮೋಘಿ ಸಾರವಾಡದವನು, ಕುರಿ ಕಾಯುವ ಮನೆತನದವನು. ಊರಿನ ಬೀರಪ್ಪನ ಗುಡಿಯಲ್ಲಿ ಅವನು ಡೊಳ್ಳು ಬಾರಿಸುತ್ತಿದ್ದಾಗ ಮುರ್ತುಜಾಸಾಬರು ಕೇಳಿದ್ದರು. ಅವರು ಅಕಾರ್ಡಿಯನ್ ವಾದಕರು, ಏಳು ಜನರ ತಂಡ ಕಟ್ಟಿಕೊಂಡವರು. "ಪೆಟ್ಟು ಎಲ್ಲಿ ಬೀಳಬೇಕು ನಿನಗ ಗೊತ್ತೈತಿ, ತಂತಿ ನಾ ಕಲಿಸ್ತೇನಿ" ಎಂದು ಕರೆತಂದರು. ಅದು ಸಾವಿರದ ಒಂಬೈನೂರ ಎಪ್ಪತ್ತೊಂದರ ಮಾತು, ಈಗ ಏಳು ವರ್ಷವಾಯಿತು. ಹಗಲು ಅಡತಿಯಲ್ಲಿ ನೂರಿಪ್ಪತ್ತು ಚೀಲ ಎತ್ತಿ ತೂಗುತ್ತಾನೆ, ಸಂಜೆ ನಾಲ್ಕು ತಂತಿ ಮಿಡಿಯುತ್ತಾನೆ. ಮದುವೆಯ ಹಂಗಾಮಿನಲ್ಲಿ ತಿಂಗಳಿಗೆ ಹದಿನೆಂಟು ಕಾರ್ಯಕ್ರಮ, ಒಂದೊಂದರಲ್ಲೂ ಇಪ್ಪತ್ತೆರಡು ಹಾಡು.

ಹಾಡುವವರಿಗೆ ಚಪ್ಪಾಳೆ, ಅಕಾರ್ಡಿಯನ್ನಿಗೆ ಶಿಳ್ಳೆ. ಬೇಸ್ ಬಾರಿಸುವವನನ್ನು ಕೇಳುವವರೇ ಇಲ್ಲ. ಹೊನವಾಡದಲ್ಲಿ ಹಿರಿಯರೊಬ್ಬರು ವೇದಿಕೆಯ ಹತ್ತಿರವೇ ಬಂದು, "ತಮ್ಮಾ, ಎಲ್ಲಾರೂ ಏನರೆ ಮಾಡಾಕತ್ತಾರ, ನೀ ಯಾಕ ಸುಮ್ನ ನಿಂತಿ?" ಎಂದು ಕೇಳಿದ್ದರು. ಇದನ್ನು ಹೇಳುವಾಗ ಮಾತ್ರ ಅಮೋಘಿ ನಗುತ್ತಾನೆ.

ಹೋದ ತಿಂಗಳು ತಿಕೋಟಾದಲ್ಲಿ ಆ ನಗು ಇರಲಿಲ್ಲ. ಹಳೆಯ ಗಿಟಾರು ಐದೂಮುಕ್ಕಾಲು ಕಿಲೋ ಇತ್ತು. ಅದರ ಪಟ್ಟಿ ಏಳು ವರ್ಷದಿಂದ ಎಡಹೆಗಲನ್ನು ಕೊರೆದು ಕಪ್ಪು ಬರೆ ಎಳೆದಿತ್ತು. ನಾಲ್ಕನೇ ಹಾಡಿನ ನಡುವೆ ಎರಡು ಬೆರಳು ಜೋಮು ಹಿಡಿದವು. ತಂತಿ ಒತ್ತಿದೆನೋ ಇಲ್ಲವೋ ಎಂಬುದೇ ಅವನಿಗೆ ತಿಳಿಯದಾಯಿತು. ಜನಕ್ಕೆ ಏನೂ ಗೊತ್ತಾಗಲಿಲ್ಲ. ಮುರ್ತುಜಾಸಾಬರು ಮಾತ್ರ ಬಾರಿಸುತ್ತಲೇ ಹೊರಳಿ ನೋಡಿದರು.

"ಅವತ್ತಿನಿಂದ ಊಟಕ್ಕ ಕುಂತ್ರೂ ಬೆರಳ ನೋಡ್ಕೋತ ಕುಂದರತೇನಿ. ತುತ್ತು ಜಾರಿದ್ರ ಎದಿ ಧಸಕ್ ಅಂತೈತ್ರಿ" ಎನ್ನುತ್ತಾನೆ. ಹೆಗಲ ಭಾರ ಇಳಿಸದಿದ್ದರೆ ಕೈಯ ಹಿಡಿತವೇ ಹೋದೀತು ಎಂದು ಡಾಕ್ಟರು ಹೇಳಿದ್ದಾರೆ. ಚೀಲ ಎತ್ತುವುದಕ್ಕೂ ತಂತಿ ಒತ್ತುವುದಕ್ಕೂ ಇರುವುದು ಅದೊಂದೇ ಎಡಗೈ. ಕೂತು ಬಾರಿಸಲೇ ಎಂದು ಕೇಳಿಯೂ ನೋಡಿದ. "ಕುಂತ್ರ ಭಜನಿ ಮೇಳ ಆಗತೈತಿ, ಆರ್ಕೆಸ್ಟ್ರಾ ಆಗಂಗಿಲ್ಲೋ" ಎಂದರು ಮುರ್ತುಜಾಸಾಬರು. ಆದರೂ ಹಳೆಯದನ್ನು ಕೊಟ್ಟು ಹಗುರವಾದದ್ದನ್ನು ತರಲು ಅವನನ್ನು ಸೊಲ್ಲಾಪುರಕ್ಕೆ ಕಳಿಸಿದರು.

ಅಲ್ಲಿಯ ವಾದ್ಯದ ಅಂಗಡಿಯಲ್ಲಿ ಮೂರು ಗಿಟಾರು ಇದ್ದವು. ತೂಕದವನ ಕೈ ಸುಮ್ಮನಿರುತ್ತದೆಯೇ? ಒಂದೊಂದನ್ನೂ ಎರಡೂ ಅಂಗೈ ಮೇಲಿಟ್ಟು ತೂಗಿದ. ಮೂರನೆಯದು ತೆಳು ಮೈಯದು, ಹಸುಗೂಸಿನಷ್ಟು ಹಗುರ. ಅದನ್ನೇ ಎತ್ತಿಕೊಂಡು ಖುಷಿಯಿಂದ ಬಸ್ಸು ಹತ್ತಿದ. ಹೆಗಲಿಗೆ ಹಾಕಿಕೊಂಡು ನೋಡಿದ್ದು ಮನೆಗೆ ಬಂದ ಮೇಲೆ. ಮೈ ಹಗುರವಾಗಿತ್ತು, ಆದರೆ ಉದ್ದನೆಯ ಕತ್ತಿನ ತುದಿಯಲ್ಲಿ ತಂತಿ ಬಿಗಿಯುವ ಕಬ್ಬಿಣದ ತಿರುಪುಗಳ ಭಾರ. ಎಡಗೈ ಬಿಟ್ಟರೆ ಸಾಕು, ಗಿಟಾರಿನ ತಲೆ ನೆಲಕ್ಕೆ ವಾಲುತ್ತದೆ. ಎತ್ತಿ ಹಿಡಿಯಬೇಕಾದದ್ದೂ ಆ ಕೈಯೇ, ಒತ್ತಬೇಕಾದದ್ದೂ ಆ ಕೈಯೇ. ನಾಲ್ಕನೇ ಹಾಡಿಗೆ ಬರುತ್ತಿದ್ದ ಜೋಮು ಈಗ ಎರಡನೆಯದಕ್ಕೇ ಬರತೊಡಗಿತು.

"ತೂಗಿ ತಂದೆ, ಹಾಕ್ಕೊಂಡ ನೋಡಲಿಲ್ರಿ. ಏಳು ವರ್ಷ ಬಾರಿಸಿದವಗ ಇಷ್ಟರೆ ಬುದ್ಧಿ ಬ್ಯಾಡೇನ್ರಿ?" ಮುರ್ತುಜಾಸಾಬರಿಗೆ ಅವನು ಇದನ್ನು ಇನ್ನೂ ಹೇಳಿಲ್ಲ. ಹಳೆಯ ಗಿಟಾರು ಅಂಗಡಿಯವನ ಪಾಲಾಗಿದೆ, ತಿರುಗಿ ಬರುವುದಿಲ್ಲ.

ಶುಕ್ರವಾರ ಸಂಜೆ ಅವನು ಆರ್ಕೆಸ್ಟ್ರಾದ ಮಿರಿಮಿರಿ ಗುಲಾಬಿ ಟೆರಿಲಿನ್ ಅಂಗಿ ತೊಟ್ಟು ಗೋಡೆಗೆ ಮುಖ ಮಾಡಿ ಬಾರಿಸುತ್ತಿದ್ದಾನೆ. ಹೆಂಡತಿ ದುಂಡವ್ವ ರೊಟ್ಟಿ ಬಡಿಯುತ್ತಲೇ ನೋಡುತ್ತಾಳೆ. ಗಿಟಾರಿನ ತಲೆ ಬಾಗಿದಂತೆಲ್ಲ ನುಣುಪು ಪಟ್ಟಿ ನುಣುಪು ಅಂಗಿಯ ಮೇಲೆ ಸರ್ರನೆ ಜಾರುತ್ತಿದೆ.

"ಕುರಿಮರಿ ಹೊತ್ತಾಗ ಹೆಗಲಿಗೆ ಕಂಬಳಿ ಯಾಕ ಹಾಕ್ಕೋತಿದ್ರಿ? ಬರೇ ಚಳಿಗೇನು?" ಎಂದು ಕೇಳುತ್ತಾಳೆ.

"ಮರಿ ಜಾರಬಾರದಂತ."

"ಮತ್ತ ಇದಕ್ಕೂ ಅದನ್ನ ಹಾಕ್ರಿ."

ಅವಳು ಪೆಟ್ಟಿಗೆಯಿಂದ ಮಾವನ ಕರಿ ಕಂಬಳಿಯನ್ನೂ ಕತ್ತರಿಯನ್ನೂ ತೆಗೆಯುತ್ತಾಳೆ. ಕಂಬಳಿಗೆ ಕತ್ತರಿ ಹಾಕುವುದು ಅವರ ಮನೆತನದಲ್ಲಿ ಇಲ್ಲ, ಹಬ್ಬಕ್ಕೆ ಅದನ್ನು ಹಾಸಿ ಪೂಜೆ ಮಾಡುವವರು ಅವರು. "ಬ್ಯಾಡ ಬೇ, ಬೀರಪ್ಪ ಸಿಟ್ಟಾಗ್ತಾನ" ಎಂದು ಅಡ್ಡ ನಿಲ್ಲುತ್ತಾನೆ. "ಸಿಟ್ಟು ನನ್ನ ಮ್ಯಾಲ ಬರಲಿ ಏಳ್ರಿ. ನಿಮ್ಮ ಕೈ ಹ್ವಾದ್ರ ಕಂಬಳಿ ಹೊದ್ಕೊಂಡ ಅಳೂದ?" ಎಂದವಳೇ ನಾಲ್ಕು ಬೆರಳಗಲ ಅಂಚು ಕತ್ತರಿಸಿ, ಎರಡು ಪದರ ಮಾಡಿ ದಬ್ಬಣದಿಂದ ಗಿಟಾರಿಗೆ ಹೊಸ ಪಟ್ಟಿ ಹೊಲಿಯುತ್ತಾಳೆ. ಹಾಕಿಕೊಂಡು ಎಡಗೈ ಬಿಟ್ಟರೆ ಗಿಟಾರಿನ ತಲೆ ಗೇಣುದ್ದ ವಾಲಿ ಅಲ್ಲೇ ನಿಲ್ಲುತ್ತದೆ. ಒರಟು ಉಣ್ಣೆ ಅಂಗಿಯನ್ನು ಕಚ್ಚಿ ಹಿಡಿದಿದೆ. ಆದರೆ ಮನೆಯಲ್ಲಿ ಅರ್ಧ ತಾಸು ನಿಂತದ್ದು ಬಬಲೇಶ್ವರದಲ್ಲಿ ಮೂರು ತಾಸು ನಿಂತೀತೇ? ಗುಲಾಬಿ ಅಂಗಿಯ ಮೇಲೆ ಕುರುಬರ ಕಂಬಳಿ ಕಂಡರೆ ಸಾಬರು ಏನಂದಾರು? ಆ ರಾತ್ರಿ ಅವನಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ರವಿವಾರ ಸಂಜೆ ಐದಕ್ಕೆ ಬಬಲೇಶ್ವರದ ಹಂದರ ತುಂಬಿದೆ. ಮುರ್ತುಜಾಸಾಬರು ಕಂಬಳಿ ಪಟ್ಟಿಯನ್ನು ನೋಡಿ, ತಮ್ಮ ಅಕಾರ್ಡಿಯನ್ ಹೆಗಲಿಗೇರಿಸುತ್ತಾರೆ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ ಅಮೋಘಿಗೆ. ಒಂದು, ಎರಡು, ಮೂರು ಹಾಡು ಮುಗಿಯುತ್ತವೆ. ನಾಲ್ಕನೆಯದು ಶುರುವಾಗುತ್ತದೆ. ಬೆರಳ ಕಡೆ ನೋಡಲು ಧೈರ್ಯವಿಲ್ಲ. ತಂತಿಯ ನಡುಕ ಬೆರಳ ತುದಿಗೆ ತಾಗುತ್ತಲೇ ಇದೆ. ಹತ್ತನೆಯದಕ್ಕೂ ತಾಗುತ್ತದೆ, ಹದಿನೆಂಟನೆಯದಕ್ಕೂ. ಇಪ್ಪತ್ತೆರಡನೇ ಹಾಡು ಮುಗಿದಾಗ ಅವನು ಹೆಬ್ಬೆರಳಿನಿಂದ ಉಳಿದ ನಾಲ್ಕನ್ನೂ ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಾನೆ.

"ಲೇ ಅಮೋಘಿ, ಈ ಕಡೆ ಬಾ" ಎಂದು ಮುರ್ತುಜಾಸಾಬರು ಹಂದರದ ಹಿಂದಕ್ಕೆ ಕರೆಯುತ್ತಾರೆ. ಸೊಲ್ಲಾಪುರದವನ ಮಾತೇ ಇರಬೇಕೆಂದು ಕಾಲು ಎಳೆಯುತ್ತಾ ಹೋಗುತ್ತಾನೆ. ಅವರು ಆಚೀಚೆ ನೋಡಿ ಅಂಗಿಯ ಎರಡು ಗುಂಡಿ ಬಿಚ್ಚುತ್ತಾರೆ. ಅಕಾರ್ಡಿಯನ್ನಿನ ಪಟ್ಟಿ ಕೂರುವ ಎರಡೂ ಹೆಗಲ ಮೇಲೆ ಅಂಥದೇ ಕಪ್ಪು ಬರೆ.

"ಹನ್ನೆರಡು ವರ್ಷ ಆತೋ. ನಿಮಗ ಗೊತ್ತಾದ್ರ ಮೇಳ ಒಡೀತೈತಿ ಅಂತ ಅಂಜಿ ಯಾರಿಗೂ ತೋರ್ಸಿಲ್ಲ. ದುಂಡವ್ವಗ ಹೇಳಿ ನನಗೂ ಎರಡು ಪಟ್ಟಿ ಮಾಡ್ಸಿ ಕೊಡೋ."

ಅಮೋಘಿ ತನ್ನ ಕಂಬಳಿ ಪಟ್ಟಿಯನ್ನು ಅವರ ಹೆಗಲಿಗೆ ಹಿಡಿದು ಅಳತೆ ನೋಡುತ್ತಾನೆ. ತನಗೆ ಭಯ ಹುಟ್ಟಿಸಿದ್ದ ಆ ಮನುಷ್ಯನೂ ಇಷ್ಟು ವರ್ಷ ತನ್ನಂತೆಯೇ ಹೆದರಿಕೊಂಡು ಪಕ್ಕದಲ್ಲೇ ನಿಂತಿದ್ದನಲ್ಲ ಎಂದು ಕಣ್ಣು ತುಂಬಿ ಬರುತ್ತದೆ.

ಸೋಮವಾರ ಮತ್ತೆ ಚೀಲಗಳ ನಡುವೆ ಅವನಿದ್ದಾನೆ. ಭಯ ಹೋಯಿತೇ ಎಂದರೆ ತಲೆ ಅಲ್ಲಾಡಿಸುತ್ತಾನೆ.

"ಎಲ್ಲಿ ಹೋಗ್ತೈತ್ರಿ? ನಾಕನೇ ಹಾಡಿಗೆ ಬಂದ ಬರತೈತಿ. ನಂದು ದೊಡ್ಡ ಆಸೆ ಏನಿಲ್ಲ. ಒಂದಿನ ಬಾರಿಸೂದ ಬಿಡಬೇಕಲ್ರಿ, ಆ ದಿನ ಯಾವುದಂತ ನಾನ ಹೇಳಬೇಕು. ನನ್ನ ಕೈ ಹೇಳಬಾರದು."